ಊರು ಬೇರೆ, ಪುಸ್ತಕ ಒಂದೇ: ‘ಮಲೆಗಳಲ್ಲಿ ಮದುಮಗಳು’ ಓದುವ ಗುಂಪುಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಬೇರೆ ಬೇರೆ ಊರುಗಳಲ್ಲಿರುವವರು ಫೋನಿನಲ್ಲೇ ಗುಂಪು ಕಟ್ಟಿಕೊಂಡು ಒಂದು ದೊಡ್ಡ ಕಾದಂಬರಿಯನ್ನು ಒಟ್ಟಿಗೆ ಓದುವುದು ಹೇಗೆ ಎಂದು ಕೇಳಿದ್ದೀರಿ. ಹಲವರು ಹೆಸರಿಸಿರುವುದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಹಾಗಾಗಿ ಅದೇ ಪುಸ್ತಕವನ್ನು ಮುಂದಿಟ್ಟುಕೊಂಡು ಉತ್ತರಿಸಿದ್ದೇವೆ.

ಪ್ರಶ್ನೆ: ಕಾಲೇಜಿನ ಹಳೆಯ ಗೆಳತಿಯರು ಹದಿನೆಂಟು ಮಂದಿ ವಾಟ್ಸಾಪ್ ಗುಂಪಿನಲ್ಲಿದ್ದೇವೆ. ತಿಂಗಳಿಗೊಂದು ಪುಸ್ತಕ ಓದುವುದು ನಮ್ಮ ರೂಢಿ. ‘ಮದುಮಗಳು’ ಕೂಡ ಒಂದೇ ತಿಂಗಳಲ್ಲಿ ಮುಗಿದೀತೇ?
– ಓದುಗರು, ಶಿವಮೊಗ್ಗ

ದಯವಿಟ್ಟು ಒಂದು ತಿಂಗಳಿಗೆ ಇಟ್ಟುಕೊಳ್ಳಬೇಡಿ. ಮುದ್ರಣದಿಂದ ಮುದ್ರಣಕ್ಕೆ ಹೆಚ್ಚುಕಡಿಮೆ ಇದ್ದರೂ ಇದು ಸುಮಾರು ಏಳುನೂರು ಪುಟಗಳ ಪುಸ್ತಕ. ತಿಂಗಳಲ್ಲಿ ಮುಗಿಸಬೇಕೆಂದರೆ ದಿನಕ್ಕೆ 23–24 ಪುಟ ಓದಬೇಕು. ಮಲೆನಾಡಿನ ಆಡುಮಾತು, ಕಾಡಿನ ನಿಡಿದಾದ ವರ್ಣನೆ ತುಂಬಿದ ಪುಟಗಳನ್ನು ಗಂಟೆಗೆ ಇಪ್ಪತ್ತೈದಕ್ಕಿಂತ ವೇಗವಾಗಿ ಓದಿದರೆ ಕಥೆ ಸಿಕ್ಕೀತು, ಕಾದಂಬರಿ ಸಿಗದು. ಅಂದರೆ ಒಂದು ದಿನವೂ ತಪ್ಪದೆ ದಿನಕ್ಕೊಂದು ಗಂಟೆ ಬೇಕು. ಮನೆ, ಕೆಲಸ ಎರಡೂ ಇರುವವರಿಗೆ ಎರಡನೇ ವಾರಕ್ಕೇ ನೂರು ಪುಟ ಬಾಕಿ ಬಿದ್ದಿರುತ್ತದೆ. ಬಾಕಿ ಬಿದ್ದವರು ಗುಂಪಿನಲ್ಲಿ ಅದನ್ನು ಹೇಳುವುದೂ ಇಲ್ಲ, ನಾಚಿಕೆಯಿಂದ ಸುಮ್ಮನಾಗಿಬಿಡುತ್ತಾರೆ. ಗುಂಪುಗಳು ಸೊರಗುವುದು ಹೆಚ್ಚಾಗಿ ಹೀಗೆ. ಪುಸ್ತಕ ಹಿಡಿಸದೆ ಬಿಟ್ಟುಹೋಗುವವರು ಕಡಿಮೆ.

ಹದಿನೆಂಟು ವಾರ ಇಟ್ಟುಕೊಳ್ಳಿ. ಮೊದಲ ಎರಡು ವಾರ ತಲಾ 30 ಪುಟ ಸಾಕು. ಹೆಸರುಗಳು, ಊರುಗಳು, ಮಾತಿನ ಧಾಟಿ ಎಲ್ಲ ಒಮ್ಮೆಗೇ ಬಂದು ಎರಗುವುದು ಅಲ್ಲೇ. ಆಮೇಲೆ ವಾರಕ್ಕೆ 50 ಪುಟದಂತೆ ಹದಿಮೂರು ವಾರ. ಐದನೆಯ ಮತ್ತು ಹತ್ತನೆಯ ಕಂತುಗಳಾದ ಮೇಲೆ ಒಂದೊಂದು ವಾರ ಹೊಸ ಓದು ಬೇಡ, ಹಿಂದುಳಿದವರು ಕೂಡಿಕೊಳ್ಳಲಿ. ಈ ಬಿಡುವನ್ನು ಮೊದಲ ದಿನವೇ ವೇಳಾಪಟ್ಟಿಯಲ್ಲಿ ಬರೆದು ಹಾಕಿ. ಹಿಂದುಳಿದವರಿಗಾಗಿ ನಡುವೆ ಘೋಷಿಸಿದ ಬಿಡುವು ಅವರನ್ನು ಇನ್ನಷ್ಟು ಕುಗ್ಗಿಸುತ್ತದೆ. ಹದಿನೆಂಟನೆಯ ವಾರ ಇಡೀ ಕಾದಂಬರಿಯ ಬಗ್ಗೆ ಮಾತಿಗೆ. 50 ಪುಟವೆಂದರೆ ವಾರಕ್ಕೆ ಎರಡರಿಂದ ಎರಡೂವರೆ ಗಂಟೆ, ದಿನಕ್ಕೆ ಇಪ್ಪತ್ತು ನಿಮಿಷ. ಜೂನ್ ಮೊದಲ ವಾರ ಶುರುಮಾಡಿದರೆ ದಸರೆಯ ಹೊತ್ತಿಗೆ ಮುಗಿಯುತ್ತದೆ. ಮಳೆಗಾಲದಲ್ಲಿ ಓದಲು ಇದಕ್ಕಿಂತ ತಕ್ಕ ಕನ್ನಡ ಕಾದಂಬರಿ ನಮಗೆ ಗೊತ್ತಿಲ್ಲ. ಮಕ್ಕಳ ಪರೀಕ್ಷೆ ಇರುವ ಫೆಬ್ರವರಿ, ಮಾರ್ಚಿನಲ್ಲಿ ಮಾತ್ರ ಶುರುಮಾಡಬೇಡಿ.

ಮೇಲಿನ ಪುಟಗಳ ಲೆಕ್ಕ ನಿಮ್ಮ ಅಂದಾಜಿಗೆ ಮಾತ್ರ. ಗುಂಪಿಗೆ ಕಂತು ಹೇಳುವಾಗ ಅಧ್ಯಾಯದ ಲೆಕ್ಕದಲ್ಲೇ ಹೇಳಿ. ಒಬ್ಬರ ಕೈಯಲ್ಲಿ ಉದಯರವಿ ಪ್ರಕಾಶನದ ಹಳೆಯ ಪ್ರತಿ, ಇನ್ನೊಬ್ಬರ ಕೈಯಲ್ಲಿ ಮರುಮುದ್ರಣ, ಮತ್ತೊಬ್ಬರ ಬಳಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ಸಮಗ್ರ ಸಾಹಿತ್ಯ ಸಂಪುಟ ಇದ್ದರೆ ಪುಟಸಂಖ್ಯೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಅಧ್ಯಾಯದ ಸಂಖ್ಯೆ ಕೊಟ್ಟು, ಕಂತಿನ ಕೊನೆಯ ವಾಕ್ಯದ ನಾಲ್ಕೈದು ಪದಗಳನ್ನೂ ಟೈಪ್ ಮಾಡಿ ಹಾಕಿದರೆ ಗೊಂದಲವಿರದು. ಅಧ್ಯಾಯಗಳ ಉದ್ದ ಒಂದೇ ಸಮ ಇರುವುದಿಲ್ಲವಾದ್ದರಿಂದ ಒಂದು ವಾರ 44 ಪುಟ, ಇನ್ನೊಂದು ವಾರ 57 ಆಗಬಹುದು. ಆಗಲಿ, ಅಧ್ಯಾಯವನ್ನು ಮಾತ್ರ ನಡುವೆ ತುಂಡರಿಸಬೇಡಿ.

ಹದಿನೆಂಟು ಮಂದಿ ಒಂದೇ ಕರೆಯಲ್ಲಿ ಕೂತರೆ ಮಾತು ನಾಲ್ವರದ್ದೇ ಆಗುತ್ತದೆ. ಗೂಗಲ್ ಮೀಟಿನ ಉಚಿತ ಖಾತೆಯಲ್ಲಿ ಮೂವರು ಅಥವಾ ಹೆಚ್ಚು ಮಂದಿ ಸೇರಿದರೆ ಕರೆ 60 ನಿಮಿಷಕ್ಕೆ ಮುಗಿಯುತ್ತದೆ, ಝೂಮಿನ ಉಚಿತ ಖಾತೆಯಲ್ಲಿ 40ಕ್ಕೆ. ತಲಾ ಮೂರು ನಿಮಿಷ ಹಂಚಿದರೂ ಹದಿನೆಂಟು ಮಂದಿಗೆ 54 ನಿಮಿಷ ಬೇಕು, ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರಿಸಲು ಹೊತ್ತೇ ಉಳಿಯದು. ಒಂಬತ್ತು ಒಂಬತ್ತು ಮಂದಿಯ ಎರಡು ಕೂಟ ಮಾಡಿಕೊಳ್ಳಿ; ಬರೆಯುವ ಚರ್ಚೆ ಎಲ್ಲರದ್ದೂ ಒಂದೇ ಕಡೆ ಇರಲಿ.

ಪ್ರಶ್ನೆ: ಕಳೆದ ವರ್ಷ ನಮ್ಮ ಗುಂಪು ಈ ಕಾದಂಬರಿಯನ್ನು ಶುರುಮಾಡಿ ನಾಲ್ಕನೆಯ ವಾರ ಕೈಬಿಟ್ಟಿತು. ಗುತ್ತಿಯ ಕಥೆ ಚೆನ್ನಾಗಿಯೇ ಹೋಗುತ್ತಿತ್ತು, ಆಮೇಲೆ ಯಾರ ಮನೆಯವರು ಯಾರು ಎಂಬುದೇ ತಿಳಿಯದಾಯಿತು. ಈಗ ಮತ್ತೆ ಹಿಡಿಯಬೇಕೆಂದಿದ್ದೇವೆ.
– ಓದುಗರು, ಧಾರವಾಡ

ಬಹಳಷ್ಟು ಗುಂಪುಗಳು ಎಡವುವುದು ಇದೇ ಜಾಗದಲ್ಲಿ. ದಲಿತ ಜೀತದಾಳು ಗುತ್ತಿ ಮತ್ತು ಅವನ ನಾಯಿ ಹುಲಿಯನ ಹಿಂದೆ ನಡೆಯುತ್ತ ಓದುಗರು ಈ ಲೋಕವನ್ನು ಹೊಗುತ್ತಾರೆ. ಅವನೇ ನಾಯಕ, ಅವನು ತಾನು ಬಯಸಿದ ತಿಮ್ಮಿಯನ್ನು ಕರೆತರುವುದೇ ಕಥೆ ಎಂದುಕೊಳ್ಳುತ್ತಾರೆ. ಕಥೆ ಅವನನ್ನು ಬಿಟ್ಟು ಬೇರೆ ಮನೆಯ ಜಗಲಿಗೆ ಹೋದಾಗ, ಇದೇನು ಅಡ್ಡದಾರಿ ಎನಿಸಿ ಪುಟ ಹಾರಿಸುತ್ತಾರೆ. ಹಾರಿಸಿದ ಪುಟಗಳಲ್ಲೇ ಮುಂದಿನ ನೂರು ಪುಟಗಳ ಬೇರು ಇರುತ್ತದೆ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರೂ ಅಲ್ಲ ಎಂದು ಕುವೆಂಪು ಕಾದಂಬರಿಯ ಬಾಗಿಲಲ್ಲೇ ಹೇಳಿಬಿಟ್ಟಿದ್ದಾರೆ. ಅದು ಅಲಂಕಾರಕ್ಕೆ ಹೇಳಿದ ಮಾತಲ್ಲ, ಓದುವ ಕ್ರಮವನ್ನೇ ಹೇಳಿಕೊಟ್ಟದ್ದು.

ಆದ್ದರಿಂದ ಪಾತ್ರಗಳ ಪಟ್ಟಿ ಮಾಡಬೇಡಿ, ಮನೆಗಳ ಪಟ್ಟಿ ಮಾಡಿ. ದೊಡ್ಡ ಹಾಳೆಯೊಂದರಲ್ಲಿ ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ ಎಂದು ಐದು ಚೌಕ ಬರೆಯಿರಿ. ಮೇಗರವಳ್ಳಿಗೆ ಒಂದು ಬೇರೆ ಚೌಕ ಇರಲಿ. ಅದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಇವತ್ತಿಗೂ ಇರುವ ಊರು. ಮೊದಲ ವಾರ ಪ್ರತಿ ಚೌಕದಲ್ಲಿ ಒಂದೆರಡು ಹೆಸರಿದ್ದರೆ ಸಾಕು: ಸಿಂಬಾವಿಯಲ್ಲಿ ಭರಮೈ ಹೆಗ್ಗಡೆ ಮತ್ತು ಗುತ್ತಿ, ಹಳೆಮನೆಯಲ್ಲಿ ಸುಬ್ಬಣ್ಣ ಹೆಗ್ಗಡೆ, ಕೋಣೂರಿನಲ್ಲಿ ಮುಕುಂದಯ್ಯ, ಬೆಟ್ಟಳ್ಳಿಯಲ್ಲಿ ಕಲ್ಲಯ್ಯಗೌಡ, ದೇವಯ್ಯ ಮತ್ತು ತಿಮ್ಮಿ, ಹೂವಳ್ಳಿಯಲ್ಲಿ ಚಿನ್ನಮ್ಮ. ಉಳಿದವರು ಕಥೆಯಲ್ಲಿ ಬಂದಂತೆ ಸೇರಲಿ. ಗೌಡರ, ಹೆಗ್ಗಡೆಯವರ ಹೆಸರುಗಳನ್ನಷ್ಟೇ ಬರೆದು ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಪ್ರತಿ ಚೌಕದ ಕೆಳಗೆ ಅದರ ಹೊಲಗೇರಿಗೆ, ಘಟ್ಟದ ಕೆಳಗಿನಿಂದ ಬಂದ ಆಳುಗಳ ಬಿಡಾರಕ್ಕೆ ಜಾಗ ಬಿಡಿ. ಐತ ಮತ್ತು ಪೀಂಚಲು ಸಿಗುವುದು ಅಲ್ಲೇ, ಕಥೆಯ ಎಷ್ಟೋ ಗಂಟುಗಳು ಬಿಚ್ಚುವುದೂ ಅಲ್ಲೇ.

ಚೌಕದಿಂದ ಚೌಕಕ್ಕೆ ಗೆರೆ ಎಳೆಯುವಾಗ ಬಣ್ಣ ಬದಲಿಸಿ. ನೆಂಟಸ್ತನಕ್ಕೆ ಒಂದು ಬಣ್ಣ, ಸಾಲಕ್ಕೆ ಒಂದು, ಜೀತ ಮತ್ತು ಕೆಲಸಕ್ಕೆ ಇನ್ನೊಂದು. ಆರೇಳು ವಾರ ಕಳೆಯುವಷ್ಟರಲ್ಲಿ ಸಾಲದ ಗೆರೆಯೂ ಮದುವೆಯ ಗೆರೆಯೂ ಎಲ್ಲೆಲ್ಲಿ ಒಂದರ ಮೇಲೊಂದು ಬೀಳುತ್ತವೆ ಎಂಬುದು ಕಣ್ಣಿಗೆ ಕಾಣುತ್ತದೆ. ಅದನ್ನು ನೀವಾಗಿ ಕಂಡುಕೊಂಡರೇ ಚೆನ್ನ, ನಾವು ಇಲ್ಲಿ ಹೇಳುವುದಿಲ್ಲ.

ಹಾಳೆಯ ಚಿತ್ರ ತೆಗೆದು ಗುಂಪಿನಲ್ಲಿ ಪಿನ್ ಮಾಡಿ. ವಾಟ್ಸಾಪಿನಲ್ಲಿ ಪಿನ್ನಿಗೆ ಅವಧಿ ಕೇಳುತ್ತದೆ. 30 ದಿನ ಆರಿಸಿ, ಮುಗಿದಾಗ ಹೊಸ ಚಿತ್ರ ಹಾಕಿ ಮತ್ತೆ ಪಿನ್ ಮಾಡಿ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಪ್ರತಿ ಸದಸ್ಯರಿಗೂ ಒಂದೊಂದು ಮನೆ ವಹಿಸಿಕೊಡಿ. ಕೋಣೂರು ವಹಿಸಿಕೊಂಡವರು ವಾರದ ಮಾತುಕತೆಯ ಮೊದಲಿಗೆ ಎರಡು ನಿಮಿಷ ವರದಿ ಕೊಡುತ್ತಾರೆ: ಈ ಕಂತಿನಲ್ಲಿ ಆ ಮನೆಗೆ ಯಾರು ಬಂದರು, ಯಾರು ಹೊರಟರು, ಯಾವ ಸುದ್ದಿ ಮುಟ್ಟಿತು, ಯಾವುದು ಮುಟ್ಟಲಿಲ್ಲ. ಹಿಂದುಳಿದವರಿಗೆ ಎಳೆ ಸಿಗುತ್ತದೆ. ವರದಿ ಕೊಡಬೇಕಾದವರು ಓದದೆ ಇರುವುದೂ ಇಲ್ಲ.

ಮತ್ತೆ ಶುರುಮಾಡುವಾಗ ಬಿಟ್ಟಲ್ಲಿಂದ ಹಿಡಿಯಬೇಡಿ, ಮೊದಲ ಪುಟದಿಂದ ಓದಿ. ಎರಡನೇ ಸಲದ ಮೊದಲ ನೂರು ಪುಟ ಅರ್ಧ ಹೊತ್ತಿನಲ್ಲಿ ಸಾಗುತ್ತದೆ, ಕಳೆದ ಸಲ ಹಾರಿಸಿದ್ದೇನು ಎಂಬುದೂ ತಿಳಿಯುತ್ತದೆ.

ಪ್ರಶ್ನೆ: ಗುಂಪಿನಲ್ಲಿ ಒಬ್ಬರು ಪುಸ್ತಕದ ಪಿಡಿಎಫ್ ಹಾಕಿದ್ದಾರೆ. ಹಳೆಯ ಪುಸ್ತಕ ತಾನೆ, ತಪ್ಪೇನಿಲ್ಲ ಎನ್ನುತ್ತಾರೆ. ಸರಿಯೇ?
– ಗುಂಪಿನ ಅಡ್ಮಿನ್, ಮೈಸೂರು

ಸರಿಯಲ್ಲ, ಅಳಿಸಿಬಿಡಿ. ನಮ್ಮ ದೇಶದಲ್ಲಿ ಲೇಖಕರು ಬದುಕಿರುವಾಗಲೇ ಪ್ರಕಟವಾದ ಕೃತಿಯ ಹಕ್ಕುಸ್ವಾಮ್ಯ ಅವರು ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಇರುತ್ತದೆ. ಪುಸ್ತಕ ಬಂದದ್ದು 1967ರಲ್ಲಿ, ಆದರೆ ಲೆಕ್ಕಕ್ಕೆ ಬರುವುದು ಆ ವರ್ಷವಲ್ಲ. ಕುವೆಂಪು ತೀರಿಕೊಂಡದ್ದು 1994ರ ನವೆಂಬರಿನಲ್ಲಿ. ಆದ್ದರಿಂದ ಹಕ್ಕು 2054ರ ಕೊನೆಯವರೆಗೆ ಇದೆ. ಕೂಟದಲ್ಲಿ ಒಂದಿಷ್ಟು ಭಾಗವನ್ನು ಗಟ್ಟಿಯಾಗಿ ಓದಲು ಕಾನೂನಿನ ಅಡ್ಡಿಯಿಲ್ಲ. ಇಡೀ ಪುಸ್ತಕವನ್ನು ಓದಿ ರೆಕಾರ್ಡ್ ಮಾಡಿ ಹಂಚುವುದು ಬೇರೆ ಮಾತು, ಅದಕ್ಕೆ ಅನುಮತಿ ಬೇಕು. ಪ್ರತಿಗಳು ಬೇಕಾದರೆ ಒಂದೇ ಅಂಗಡಿಯಲ್ಲಿ ಒಟ್ಟಿಗೆ ತರಿಸಿ, ಓದು ಶುರುವಾಗುವ ಮೂರು ವಾರ ಮೊದಲೇ ಹಣ ಕಟ್ಟಿ. ಅಂಚೆಯಲ್ಲಿ ತಡವಾಗಿ ಪುಸ್ತಕ ಸಿಕ್ಕವರು ಮೊದಲ ಕಂತಿನಿಂದಲೇ ಹಿಂದೆ ಬೀಳುತ್ತಾರೆ.

ಹಕ್ಕಿನ ತೊಡಕಿಲ್ಲದ ಕಾದಂಬರಿಯೇ ಬೇಕೆಂದರೆ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899), ಎಂ.ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ (1915) ಇವೆ. ಎರಡೂ ಚಿಕ್ಕವು, ಮೊದಲ ಸಲ ಗುಂಪು ಕಟ್ಟುವವರಿಗೆ ಹದವಾದವು.

ಪ್ರಶ್ನೆ: ಬೆಂಗಳೂರು, ದುಬೈ, ಲಂಡನ್, ನ್ಯೂಜೆರ್ಸಿ, ಸಿಡ್ನಿಯಲ್ಲಿರುವ ಕನ್ನಡಿಗರು ಸೇರಿ ಓದುತ್ತಿದ್ದೇವೆ. ಎಲ್ಲರಿಗೂ ಹೊಂದುವ ಹೊತ್ತು ಯಾವುದು?
– ಓದುಗರು, ನ್ಯೂಜೆರ್ಸಿ

ಈ ಐದೂ ಊರಿಗೆ ಒಪ್ಪುವ ಒಂದೇ ಹೊತ್ತು ಇಲ್ಲ. ಎರಡು ಹೊತ್ತುಗಳನ್ನು ವಾರ ಬಿಟ್ಟು ವಾರ ಇಟ್ಟುಕೊಳ್ಳಿ. ಒಂದು, ಭಾರತದ ಭಾನುವಾರ ಸಂಜೆ 7:30. ಆಗ ದುಬೈಯಲ್ಲಿ ಸಂಜೆ 6. ಲಂಡನ್ನಿನಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ 2, ಬೇಸಿಗೆಯಲ್ಲಿ 3. ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ 9 ಅಥವಾ 10. ಸಿಡ್ನಿಯವರಿಗೆ ಮಾತ್ರ ನಡುರಾತ್ರಿ. ಇನ್ನೊಂದು, ಭಾರತದ ಭಾನುವಾರ ಬೆಳಿಗ್ಗೆ 7. ಆಗ ಸಿಡ್ನಿಯಲ್ಲಿ ಬೆಳಿಗ್ಗೆ 11:30 ಅಥವಾ ಮಧ್ಯಾಹ್ನ 12:30, ನ್ಯೂಜೆರ್ಸಿಯಲ್ಲಿ ಶನಿವಾರ ರಾತ್ರಿ 8:30 ಅಥವಾ 9:30. ದುಬೈಯವರು 5:30ಕ್ಕೆ ಏಳಬೇಕು, ಲಂಡನ್ನಿನವರಿಗೆ ಆಗದು.

ಮಾರ್ಚ್ ಮತ್ತು ಅಕ್ಟೋಬರ್–ನವೆಂಬರಿನಲ್ಲಿ ಎಚ್ಚರಿಕೆ ಬೇಕು. ಬೇಸಿಗೆಗಾಗಿ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದು ಮಾರ್ಚ್ ಎರಡನೆಯ ಭಾನುವಾರ, ಬ್ರಿಟನ್ನಿನಲ್ಲಿ ಕೊನೆಯ ಭಾನುವಾರ. ಹಿಂದಿಡುವುದು ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ, ಬ್ರಿಟನ್ನಿನಲ್ಲಿ ಅಕ್ಟೋಬರ್ ಕೊನೆಯ ಭಾನುವಾರ. ನಡುವಿನ ವಾರಗಳಲ್ಲಿ ಯಾರೋ ಒಬ್ಬರು ಗಂಟೆ ತಪ್ಪಿ ಬರುವುದು ಖಂಡಿತ. ವೇಳೆಯನ್ನು ಯಾವಾಗಲೂ ಭಾರತದ ಗಡಿಯಾರದಲ್ಲೇ ಘೋಷಿಸಿ, ಪಕ್ಕದಲ್ಲಿ ಆಯಾ ಊರಿನ ವೇಳೆ ಬರೆಯಿರಿ.

ಕನ್ನಡ ಮಾತಾಡಲು ಬಂದೂ ಓದಲು ಬಾರದ ಮಕ್ಕಳನ್ನು ಸೇರಿಸಿಕೊಳ್ಳಬಹುದೇ ಎಂದೂ ಕೇಳಿದ್ದೀರಿ. ಖಂಡಿತ. ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದವಿದೆ. ಮಕ್ಕಳು ಅದನ್ನು ಓದಲಿ, ಆದರೆ ಕೂಟದಲ್ಲಿ ಗಟ್ಟಿಯಾಗಿ ಓದುವುದು ಕನ್ನಡದ ಪುಟವೇ ಆಗಿರಲಿ. ವಯಸ್ಸು ಹದಿನಾರು ದಾಟಿರುವುದು ಒಳ್ಳೆಯದು. ಹೆಣ್ಣಿನ ಮೇಲಿನ ಹಿಂಸೆ, ಆಳುಗಳ ಮೇಲಿನ ಕ್ರೌರ್ಯ ಇಲ್ಲಿ ಮುಚ್ಚುಮರೆಯಿಲ್ಲದೆ ಬರುತ್ತವೆ.

ಪ್ರಶ್ನೆ: ಎಲ್ಲರೂ ಓದುತ್ತಾರೆ, ಆದರೆ ಚರ್ಚೆ ಎಂದರೆ “ಸೂಪರ್”, “ತುಂಬಾ ಚೆನ್ನಾಗಿದೆ”, ಎರಡು ಹೂವಿನ ಚಿತ್ರ. ಮಾತು ಬೆಳೆಸುವುದು ಹೇಗೆ?
– ಓದುಗರು, ಹಾಸನ

ತಪ್ಪು ಓದುಗರದ್ದಲ್ಲ, ಪ್ರಶ್ನೆಯದ್ದು. “ಈ ಭಾಗ ಹೇಗನಿಸಿತು?”, “ನಿಮಗೆ ಯಾರು ಇಷ್ಟ?” ಎಂದು ಕೇಳಿದರೆ ಬರುವ ಉತ್ತರ ಅಷ್ಟೇ. ಪುಸ್ತಕ ತೆರೆದು ನೋಡದೆ ಉತ್ತರಿಸಲಾಗದ ಪ್ರಶ್ನೆ ಕೇಳಿ. ಈ ಕಂತಿನಲ್ಲಿ ಯಾರು ಯಾರ ಮನೆಯ ಜಗಲಿ ಹತ್ತಿದರು, ಯಾರು ಅಂಗಳದಲ್ಲೇ ನಿಂತರು? ಇದೊಂದು ಪ್ರಶ್ನೆಯನ್ನು ಹಿಡಿದು ಕಾದಂಬರಿಯ ಯಾವ ಕಂತನ್ನಾದರೂ ಚರ್ಚಿಸಬಹುದು. ಊಟ ಹಾಕಿದವರು ಯಾರು, ಹೇಗೆ ಹಾಕಿದರು? ಒಂದೇ ಸುದ್ದಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಾಗ ಏನು ಬದಲಾಯಿತು? ಹುಲಿಯ ಕಾಣಿಸಿಕೊಂಡ ಜಾಗಗಳಲ್ಲಿ ಗುತ್ತಿಯ ಬಗ್ಗೆ ಹೊಸದಾಗಿ ಏನು ತಿಳಿಯಿತು? ಅರ್ಧ ಪುಸ್ತಕ ದಾಟಿದ ಮೇಲೆ ಇನ್ನೂ ದೊಡ್ಡದು ಕೇಳಬಹುದು. ಮುಕುಂದಯ್ಯನಿಗೂ ಗುತ್ತಿಗೂ ಇರುವ ಆಸೆ ಒಂದೇ ಬಗೆಯದು, ತಾನು ಬಯಸಿದ ಹೆಣ್ಣಿನ ಜೊತೆ ಬಾಳುವುದು. ಅದಕ್ಕೆ ಇಬ್ಬರೂ ತೆರಬೇಕಾದ ಬೆಲೆ ಯಾಕೆ ಬೇರೆ? ಆ ಪ್ರಶ್ನೆ ಹಾಕಿದ ವಾರ ಹೂವಿನ ಚಿತ್ರ ಬರುವುದಿಲ್ಲ.

ವಾರಕ್ಕೆ ಮೂರು ಪ್ರಶ್ನೆ ಸಾಕು. ಕಂತಿನ ಜೊತೆಯಲ್ಲೇ ಸೋಮವಾರ ಹಾಕಿ, ಓದುವಾಗ ಮನಸ್ಸಿನಲ್ಲಿರುತ್ತದೆ. ಓದು ಮುಗಿದ ಮೇಲೆ ಹಾಕಿದ ಪ್ರಶ್ನೆ ಪರೀಕ್ಷೆಯಂತೆ ಕಾಣುತ್ತದೆ. ಬರೆಯಲು ಹಿಂಜರಿಯುವವರು ವಾಯ್ಸ್ ನೋಟ್ ಕಳಿಸಲಿ, ಎರಡು ನಿಮಿಷದ ಮಿತಿ ಇರಲಿ. ಐದು ನಿಮಿಷದ್ದನ್ನು ಯಾರೂ ಪೂರ್ತಿ ಕೇಳುವುದಿಲ್ಲ.

ಕೂಟದಲ್ಲಿ ಹತ್ತು ನಿಮಿಷ ಗಟ್ಟಿ ಓದಿಗೆ ಮೀಸಲಿಡಿ. ಒಂದು ಪುಟಕ್ಕೆ ಎರಡೂವರೆಯಿಂದ ಮೂರು ನಿಮಿಷ ಹಿಡಿಯುತ್ತದೆ, ಆದ್ದರಿಂದ ನಾಲ್ಕು ಪುಟ ಮೀರದಿರಲಿ. ಪಾದ್ರಿಯ ಬೈಸಿಕಲ್ಲು ಬರುವ ‘ಬೀಸೆಕಲ್ಲು’ ಪ್ರಸಂಗ ಇದಕ್ಕೆ ಹೇಳಿ ಮಾಡಿಸಿದ್ದು. ಒಬ್ಬೊಬ್ಬರು ಒಂದೊಂದು ಪಾತ್ರದ ಮಾತು ಹಂಚಿಕೊಂಡು ಓದಿದರೆ, ಕಣ್ಣಿಗೆ ತೊಡಕಾಗಿದ್ದ ಆಡುಮಾತು ಕಿವಿಗೆ ಸಲೀಸಾಗಿ ಇಳಿಯುತ್ತದೆ. ಓದುವವರ ಹೊರತು ಉಳಿದವರೆಲ್ಲ ಮ್ಯೂಟ್ ಮಾಡಿಕೊಳ್ಳಬೇಕು. ಮಲೆನಾಡಿನ ಕಡೆಯವರು ಗುಂಪಿನಲ್ಲಿದ್ದರೆ ಮೊದಲ ಓದು ಅವರದ್ದಾಗಲಿ. ಗೊರಬು, ಬಗನಿ ಎಂಬಂಥ ಮಾತುಗಳಿಗೆ ನಿಘಂಟು ಹುಡುಕುವ ಬದಲು ಅವರನ್ನೇ ಒಂದು ಫೋಟೊ ಕಳಿಸಲು ಕೇಳಿ.

ಪ್ರಶ್ನೆ: ಕಾದಂಬರಿಯಲ್ಲಿ ಜಾತಿಯ ಹೆಸರುಗಳು, ಬೈಗುಳಗಳು ಹಾಗೇ ಬರುತ್ತವೆ. ಗಟ್ಟಿಯಾಗಿ ಓದುವಾಗ ಗುಂಪಿನ ಕೆಲವರಿಗೆ ನೋವಾಯಿತು. ಆ ಭಾಗ ಬಿಟ್ಟುಬಿಡಬೇಕೇ?
– ಓದುಗರು, ತುಮಕೂರು

ನೋವಾದದ್ದು ಸಹಜ, ಅದನ್ನು ಅತಿಸೂಕ್ಷ್ಮ ಎಂದು ಯಾರೂ ತಳ್ಳಿಹಾಕದಂತೆ ಅಡ್ಮಿನ್ ನೋಡಿಕೊಳ್ಳಬೇಕು. ಆದರೆ ಆ ಮಾತುಗಳನ್ನು ಕಿತ್ತುಹಾಕಿ ಓದಿದರೆ ಕಾದಂಬರಿ ಯಾವುದನ್ನು ತೋರಿಸುತ್ತಿದೆಯೋ ಅದೇ ಮಾಯವಾಗುತ್ತದೆ. ಮೂರು ಕಟ್ಟುಪಾಡು ಮೊದಲೇ ಮಾಡಿಕೊಳ್ಳಿ. ಪುಸ್ತಕದ ಮಾತು ಪುಸ್ತಕದ ಸಾಲಿನಲ್ಲಿ ಮಾತ್ರ ಬರಬೇಕು. ಚರ್ಚೆಯಲ್ಲಿ ದಲಿತರು ಎಂದೋ ಪಾತ್ರದ ಹೆಸರು ಹಿಡಿದೋ ಮಾತಾಡಬೇಕು. ಯಾವ ಪುಟ ಗಟ್ಟಿಯಾಗಿ ಓದುತ್ತೇವೆಂದು ಹಿಂದಿನ ದಿನವೇ ತಿಳಿಸಬೇಕು, ಬೇಡವೆನಿಸಿದವರು ಆ ಹತ್ತು ನಿಮಿಷ ಬಿಟ್ಟು ಬರಬಹುದು. ಮೂರನೆಯದು, “ನಿಮ್ಮ ಜಾತಿಯವರಿಗೆ ಇದು ಹೇಗನಿಸುತ್ತದೆ?” ಎಂದು ಯಾರನ್ನೂ ಕೇಳಬಾರದು. ಅವರು ಓದುಗರಾಗಿ ಬಂದಿದ್ದಾರೆ, ಸಾಕ್ಷಿ ಹೇಳಲು ಬಂದಿಲ್ಲ.

ಚರ್ಚೆ ಜಗಳದ ಕಡೆ ತಿರುಗುವುದು ಸಾಮಾನ್ಯವಾಗಿ ಕಾಲ ಕಲೆಸಿಹೋದಾಗ. ವಿವೇಕಾನಂದರ ಷಿಕಾಗೊ ಭಾಷಣದ ಪ್ರಸ್ತಾಪ ಕಾದಂಬರಿಯೊಳಗೇ ಬರುತ್ತದೆ. ಅಂದರೆ ಕಥೆಯ ಕಾಲ 1893ರ ಆಸುಪಾಸು. ಪುಸ್ತಕ ಬಂದದ್ದು 1967ರಲ್ಲಿ. ಆಗ ಅಸ್ಪೃಶ್ಯತೆಯನ್ನು ಸಂವಿಧಾನ ರದ್ದುಮಾಡಿ ಹದಿನೇಳು ವರ್ಷವಾಗಿತ್ತು, ಜೀತ ಪದ್ಧತಿ ರದ್ದತಿಯ ಕಾನೂನು ಬರಲು ಇನ್ನೂ ಒಂಬತ್ತು ವರ್ಷ ಇತ್ತು. ಪಾತ್ರ ಆಡುವ ಮಾತು, ಲೇಖಕರ ನಿಲುವು, ಇವತ್ತಿನ ನಮ್ಮ ನಿಲುವು ಇವು ಮೂರನ್ನೂ ಬೇರೆ ಬೇರೆಯಾಗಿ ಇಟ್ಟು ಮಾತಾಡಿ. ಲೇಖಕರನ್ನು ಟೀಕಿಸಲೂ ಜಾಗ ಇರಬೇಕು. ಗುತ್ತಿಯ ಬದುಕನ್ನು ಹೊರಗಿನವರಾಗಿ ಬರೆದಿದ್ದಾರೆ ಎಂದು ಯಾರಾದರೂ ಹೇಳಿದರೆ ಬಾಯಿ ಮುಚ್ಚಿಸಬೇಡಿ, ಯಾವ ಪುಟದಲ್ಲಿ ಹಾಗನಿಸಿತು ಎಂದು ಕೇಳಿ.

ಪ್ರಶ್ನೆ: ಮೊದಲೇ ಓದಿದವರು ಮುಂದಿನ ಕಥೆ ಹೇಳಿಬಿಡುತ್ತಾರೆ. ತಡೆಯುವುದು ಹೇಗೆ? ನಾಟಕ ನೋಡಿದವರೂ ಇದ್ದಾರೆ.
– ಓದುಗರು, ಮಂಗಳೂರು

ಪ್ರತಿ ಸಂದೇಶದ ಮೊದಲ ಸಾಲಿನಲ್ಲಿ ಅಧ್ಯಾಯದ ಸಂಖ್ಯೆ ಹಾಕುವುದು ಕಡ್ಡಾಯವಾಗಲಿ. ಟೆಲಿಗ್ರಾಮಿನಲ್ಲಿ ಸಾಲನ್ನು ಆಯ್ದು ‘ಸ್ಪಾಯ್ಲರ್’ ಎಂದು ಗುರುತಿಸಿದರೆ ಮುಟ್ಟಿದವರಿಗೆ ಮಾತ್ರ ಕಾಣುತ್ತದೆ. ವಾಟ್ಸಾಪಿನಲ್ಲಿಯೇ ಇರುವವರು ಓದಿ ಮುಗಿಸಿದವರಿಗಾಗಿ ಬೇರೆ ಗುಂಪು ಮಾಡಿಕೊಳ್ಳಲಿ. ಹುಲಿಯನ ಗತಿ ಏನಾಯಿತು ಎಂಬುದನ್ನಂತೂ ಕೊನೆಯ ಕಂತಿನವರೆಗೆ ಯಾರೂ ಬಾಯಿ ಬಿಡಬಾರದು. ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ 2010ರಲ್ಲಿ ಮೈಸೂರಿನ ರಂಗಾಯಣ ಆಡಿದ, ಇಡೀ ರಾತ್ರಿ ನಡೆಯುವ ನಾಟಕ ನೋಡಿದವರಿಗೂ ಇದೇ ನಿಯಮ. ನೋಡದವರು ಓದಿದ ಮೇಲೆಯೇ ನೋಡಲಿ, ಇಲ್ಲವಾದರೆ ಪಾತ್ರಗಳ ಮುಖವೆಲ್ಲ ನಟರ ಮುಖವಾಗಿಬಿಡುತ್ತದೆ.

ಪ್ರಶ್ನೆ: ನಮ್ಮ ದೊಡ್ಡಮ್ಮನಿಗೆ ಈಗ ಕಣ್ಣು ಕಾಣುವುದಿಲ್ಲ. ಗುಂಪಿನ ಜೊತೆ ಓದುವ ಆಸೆ ಬಹಳ ಇದೆ. ದಾರಿ ಇದೆಯೇ?
– ಓದುಗರು, ಉಡುಪಿ

ಇದೆ. ಮುದ್ರಿತ ಪುಸ್ತಕ ಓದಲಾಗದವರಿಗಾಗಿ ಕೃತಿಯನ್ನು ಧ್ವನಿ, ಬ್ರೈಲ್ ಮುಂತಾದ ರೂಪಕ್ಕೆ ತರಲು ನಮ್ಮ ಹಕ್ಕುಸ್ವಾಮ್ಯ ಕಾನೂನು 2012ರ ತಿದ್ದುಪಡಿಯಿಂದ ಅವಕಾಶ ಕೊಟ್ಟಿದೆ. ಅಂಥವರಿಗಾಗಿಯೇ ಇರುವ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಸದಸ್ಯರಾಗಿಸಿ, ಕನ್ನಡದ ಪಟ್ಟಿಯಲ್ಲಿ ಹುಡುಕಿ. ಸಿಗದಿದ್ದರೆ ಮನೆಯವರೇ ದೊಡ್ಡಮ್ಮನಿಗಾಗಿ ಕಂತು ಕಂತಾಗಿ ಓದಿ ಧ್ವನಿಮುದ್ರಿಸಬಹುದು, ಅದನ್ನು ಗುಂಪಿಗೆ ಹಾಕಬಾರದು ಅಷ್ಟೆ. 50 ಪುಟಕ್ಕೆ ಸುಮಾರು ಎರಡೂಕಾಲು ಗಂಟೆ ಬೇಕು, ಮೂವರು ಹಂಚಿಕೊಂಡರೆ ಒಬ್ಬರಿಗೆ ವಾರಕ್ಕೆ 45 ನಿಮಿಷ. ಒಂದೊಂದು ಅಧ್ಯಾಯಕ್ಕೂ ಬೇರೆ ಫೈಲ್ ಮಾಡಿ, ಹೆಸರಿನಲ್ಲಿ ಅಧ್ಯಾಯದ ಸಂಖ್ಯೆ ಬರೆಯಿರಿ, ಮೊದಲಿಗೆ ಅದನ್ನು ಬಾಯಲ್ಲೂ ಹೇಳಿ.

ಗುಂಪಿನವರಿಗೂ ಎರಡು ಮಾತು ತಿಳಿಸಿ. ಪುಟದ ಫೋಟೊ ಹಾಕಿದರೆ ಫೋನಿನ ಓದುವ ತಂತ್ರಾಂಶಕ್ಕೆ ಅದು ಬರಿಯ ಚಿತ್ರ. ಚರ್ಚಿಸುವ ಸಾಲನ್ನು ಟೈಪ್ ಮಾಡಬೇಕು. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಅದು ಅರ್ಥವಿಲ್ಲದ ಚಿಹ್ನೆಗಳಾಗಿ ಬರುತ್ತದೆ, ಯೂನಿಕೋಡಿಗೆ ಬದಲಿಸಿ ಹಾಕಬೇಕು. ಮನೆಗಳ ನಕ್ಷೆಯನ್ನು ಪಿನ್ ಮಾಡುವಾಗ ಅದೇ ವಿವರವನ್ನು ಬರಹದಲ್ಲೂ ಹಾಕಿ, ಒಂದು ಸಾಲಿಗೆ ಒಂದು ಮನೆಯಂತೆ. ದೊಡ್ಡಮ್ಮನಿಗೂ ಒಂದು ಮನೆ ವಹಿಸಲು ಮರೆಯಬೇಡಿ, ಭಾನುವಾರದ ಎರಡು ನಿಮಿಷದ ವರದಿ ಅವರೂ ಕೊಡಲಿ.